ದೇವರು, ಪರಮಸತ್ಯ, ಬಯಲು: ಕಲಬುರಗಿ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಗೆ ಬರುವ ಸ್ನೇಹಿತರನ್ನು, ಊರಿನ ಕಾಲೇಜು ಹುಡುಗ ಹುಡುಗಿಯರನ್ನು ಕರೆದುಕೊಂಡು ಈ ಸೀಮೆಯ ಗುಡಿ, ದರ್ಗಾ, ಗುರುದ್ವಾರ, ವಿಹಾರಗಳನ್ನು ಸುತ್ತುವುದು ನನಗೆ ಬಹಳ ಕಾಲದಿಂದ ರೂಢಿ. ಕಟ್ಟಡ ಎಷ್ಟು ಹಳೆಯದು, ಯಾರು ಕಟ್ಟಿಸಿದರು ಎಂದು ಶುರುವಾದ ಮಾತು ಊಟದ ಹೊತ್ತಿಗೆ 'ಹಾಗಾದರೆ ಇವರು ದೇವರು ಎಂದರೆ ಏನೆಂದು ತಿಳಿದಿದ್ದಾರೆ?' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಆಯಾ ಧರ್ಮದವರು ಓದಿ 'ಹೌದು, ನಾವು ನಂಬುವುದು ಹೀಗೆಯೇ' ಎನ್ನಬೇಕು. ಉತ್ತರ ಸರಿಯೋ ತಪ್ಪೋ ಎಂದು ನೋಡಲು ನನಗೆ ಬೇರೆ ಅಳತೆಗೋಲಿಲ್ಲ.

ಕೊನೆಗೆ ಎಲ್ಲ ಧರ್ಮಗಳು ಹೇಳುವುದು ಒಂದೇ ತಾನೆ?

ಇಲ್ಲ. ಕೇಳುವವರ ಮನಸ್ಸು ಒಳ್ಳೆಯದು, ಜಗಳ ಬೇಡ ಎಂಬ ಕಳಕಳಿಯಿಂದಲೇ ಕೇಳುತ್ತಾರೆ. ನದಿಗಳೆಲ್ಲ ಕೊನೆಗೆ ಸಮುದ್ರ ಸೇರುತ್ತವೆ ಎಂಬ ಮಾತನ್ನು ವೇದಿಕೆಗಳ ಮೇಲೆ ನಾವೆಲ್ಲ ಕೇಳಿದ್ದೇವೆ. ಆದರೆ ನಮ್ಮ ಭೀಮೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ, ಶರಾವತಿ ಅರಬ್ಬಿ ಸಮುದ್ರಕ್ಕೆ ಬೀಳುತ್ತಾಳೆ. ಜೈನ ಸಾಧಕ ಬಯಸುವ ಸಿದ್ಧಪದ, ಮುಸ್ಲಿಮರು ಬಯಸುವ ಅಲ್ಲಾಹನ ಮೆಚ್ಚುಗೆ, ಬೌದ್ಧ ಭಿಕ್ಷು ಬಯಸುವ ನಿರ್ವಾಣ, ಶರಣರು ಬಯಸುವ ಲಿಂಗಾಂಗ ಸಾಮರಸ್ಯ (ಭಕ್ತ ಮತ್ತು ಶಿವ ಒಂದಾಗುವುದು) ಇವುಗಳನ್ನು ಒಂದೇ ಚೀಲಕ್ಕೆ ತುಂಬಿದರೆ ನಾಲ್ವರಿಗೂ ಅನ್ಯಾಯ ಮಾಡಿದಂತಾಗುತ್ತದೆ. 'ನಿಮ್ಮದೂ ನಮ್ಮದೂ ಒಂದೇ' ಎನ್ನುವಾಗ ಬಹಳ ಸಲ ನಾವು ಹೇಳುತ್ತಿರುವುದು 'ನಿಮ್ಮದು ನಮ್ಮದರಂತೆಯೇ ಇದೆ, ಆದ್ದರಿಂದ ಪರವಾಗಿಲ್ಲ' ಎಂದು. ಹಾಗೆ ಇಲ್ಲದಿದ್ದರೆ ಏನು ಮಾಡುತ್ತೇವೆ ಎಂಬುದೇ ನಿಜವಾದ ಪರೀಕ್ಷೆ.

ಇದಕ್ಕೆ ಹಳೆಯ ಸಾಕ್ಷಿ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲಿನ ಹಾಸಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನಗಳು. ಮೂರ್ತಿ ನಿಲ್ಲಿಸಲು ಆ ಕಲ್ಲಿನ ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಹಾಳಾಗಿವೆ. ಅದರಲ್ಲಿರುವ ಹನ್ನೆರಡನೆಯ ಶಾಸನದ ವಿಷಯವೇ ಪರಧರ್ಮ. ತನ್ನ ಪಂಥವನ್ನು ಹೊಗಳಲು ಇನ್ನೊಂದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲಿ, ಎಲ್ಲ ಪಂಥಗಳ ಸಾರ ಬೆಳೆಯಲಿ ಎನ್ನುತ್ತದೆ ಅದು. ಎಲ್ಲ ಒಂದೇ ಎಂದು ಅಶೋಕ ಎಲ್ಲಿಯೂ ಹೇಳಲಿಲ್ಲ. ಒಂದೇ ಆಗಿದ್ದರೆ ಕಿವಿಗೊಟ್ಟು ಕೇಳುವ ಅಗತ್ಯವಾದರೂ ಏನಿತ್ತು?

ಹಾಗಾದರೆ ಒಂದು ಧರ್ಮವನ್ನು ಅರ್ಥ ಮಾಡಿಕೊಳ್ಳಲು ಎಲ್ಲಿಂದ ಶುರು ಮಾಡಬೇಕು?

'ಇವರ ದೇವರು ಯಾರು?' ಎಂದು ಕೇಳುವುದಕ್ಕಿಂತ ಮೊದಲು 'ಇವರು ಬಿಡಿಸಲು ಹೊರಟ ಗಂಟು ಯಾವುದು?' ಎಂದು ಕೇಳಿ. ಬುದ್ಧ ಹಿಡಿದ ಗಂಟು ದುಃಖ. ಇಸ್ಲಾಂ ಹಿಡಿದದ್ದು ಮನುಷ್ಯ ತನ್ನನ್ನು ಸೃಷ್ಟಿಸಿದವನನ್ನು ಮರೆತು ಕಂಡಕಂಡದ್ದಕ್ಕೆ ತಲೆಬಾಗುವ ಮರೆವನ್ನು. ಜೈನರು ಜೀವಕ್ಕೆ ಅಂಟಿದ ಕರ್ಮವನ್ನು ಹಿಡಿದರು, ಕ್ರೈಸ್ತರು ಪಾಪದಿಂದ ಮುರಿದ ಸಂಬಂಧವನ್ನು, ಅದ್ವೈತಿಗಳು ಅವಿದ್ಯೆಯನ್ನು. ಗಂಟು ಯಾವುದೆಂದು ಗೊತ್ತಾದರೆ ಅವರು ದೇವರ ಬಗ್ಗೆ ಆಡುವ ಮಾತು ಯಾಕೆ ಹಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಆಮೇಲೆ ಕೇಳಬೇಕಾದವು ಇವು: ಜಗತ್ತಿಗೆ ಒಬ್ಬ ಕರ್ತ ಇದ್ದಾನೆಯೇ? ಪರಮವಾದದ್ದು ನಮ್ಮ ಮಾತು ಕೇಳಿ ಉತ್ತರ ಕೊಡುವಂಥದ್ದೋ, ಕರೆದರೂ ಕರೆಯದಿದ್ದರೂ ಇದ್ದ ಹಾಗೇ ಇರುವಂಥದ್ದೋ? ನನಗೂ ಅದಕ್ಕೂ ಇರುವ ನಂಟು ಎಂಥದ್ದು?

ಅಲ್ಲಾಹನನ್ನು ಬಿಟ್ಟು ಯಾರಿಗೂ ಆರಾಧನೆ ಇಲ್ಲ ಎನ್ನುವವರು ಬಂದೇ ನವಾಜ್ ದರ್ಗಾಕ್ಕೆ ಯಾಕೆ ಹೋಗುತ್ತಾರೆ?

ದರ್ಗಾದ ಬಾಗಿಲಲ್ಲಿ ಹೂವಿನ ಚಾದರ ಕೊಳ್ಳುವಾಗಲೇ ಈ ಪ್ರಶ್ನೆ ಹುಟ್ಟುತ್ತದೆ. ಮೊದಲು ಇಸ್ಲಾಮಿನ ಬುಡ ನೋಡೋಣ. ಅದರ ಹೆಸರು ತೌಹೀದ್: ದೇವರು ಒಬ್ಬನೇ, ಅವನಿಗೆ ಪಾಲುದಾರರಿಲ್ಲ. ಕುರಾನಿನ 112ನೇ ಅಧ್ಯಾಯ ನಾಲ್ಕೇ ಸಾಲಿನದು. ಅವನು ಒಬ್ಬ, ಅವನಿಗೆ ಯಾರ ಹಂಗೂ ಇಲ್ಲ, ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ, ಅವನಿಗೆ ಸಾಟಿ ಯಾರೂ ಇಲ್ಲ. ಇಷ್ಟರಲ್ಲಿ ಎಲ್ಲವೂ ಬಂತು. ಅವನಿಗೆ ರೂಪವಿಲ್ಲ, ಆದ್ದರಿಂದ ಮಸೀದಿಯಲ್ಲಿ ಮೂರ್ತಿಯೂ ಇಲ್ಲ, ಚಿತ್ರವೂ ಇಲ್ಲ. ಹಾಗೆಂದು ಅವನು ದೂರದ ಒಣ ತತ್ವವೂ ಅಲ್ಲ. ಕರುಣಾಳು, ನ್ಯಾಯವಂತ, ಕ್ಷಮಿಸುವವನು ಎಂದು ಮುಸ್ಲಿಮರು ಅವನನ್ನು 99 ಹೆಸರುಗಳಿಂದ ನೆನೆಯುತ್ತಾರೆ. ಮನುಷ್ಯನ ಕೊರಳ ನರಕ್ಕಿಂತಲೂ ಹತ್ತಿರ ಇದ್ದೇನೆ ಎಂದು ಕುರಾನಿನಲ್ಲಿ ಅವನೇ ಹೇಳುತ್ತಾನೆ.

ಇನ್ನು ದರ್ಗಾ. ಖ್ವಾಜಾ ಬಂದೇ ನವಾಜ್ ಗೇಸುದರಾಜ್ ದೆಹಲಿಯಿಂದ ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿ 1422ರಲ್ಲಿ ತೀರಿಕೊಂಡ ಚಿಶ್ತಿ ಪರಂಪರೆಯ ಸೂಫಿ. ಅವರ ಗೋರಿಯ ಮುಂದೆ ಫಾತಿಹಾ (ಕುರಾನಿನ ಮೊದಲ ಅಧ್ಯಾಯ) ಓದುವವರು ಅವರನ್ನು ದೇವರೆನ್ನುವುದಿಲ್ಲ. ಅಲ್ಲಾಹನಿಗೆ ಪ್ರಿಯರಾದವರು, ಅವರ ಮೂಲಕ ನಮ್ಮ ಬೇಡಿಕೆ ಅಲ್ಲಿಗೆ ಮುಟ್ಟಲಿ ಎನ್ನುತ್ತಾರೆ. ಇದನ್ನು ವಸೀಲಾ ಎನ್ನುತ್ತಾರೆ. ನಡುವೆ ಯಾರೂ ಬೇಡ, ನೇರವಾಗಿ ಅಲ್ಲಾಹನನ್ನೇ ಕೇಳು ಎನ್ನುವ ಮುಸ್ಲಿಮರೂ ಇದೇ ಊರಿನಲ್ಲಿ ಬಹಳ ಜನ ಇದ್ದಾರೆ. ಅವರ ಆಕ್ಷೇಪಣೆ ಭಕ್ತಿಯ ಕೊರತೆಯಿಂದ ಬಂದದ್ದಲ್ಲ, ತೌಹೀದಿನ ಕಾಳಜಿಯಿಂದಲೇ ಬಂದದ್ದು. ಈ ವಾದ ಅವರ ಮನೆಯೊಳಗಿನದು. ಹೊರಗಿನವರು ಅದರಲ್ಲಿ ತೀರ್ಪು ಕೊಡಲು ಹೋಗಬಾರದು.

ಸೂಫಿಗಳು ಎಂದರೆ ಮುಸ್ಲಿಂ ಅದ್ವೈತಿಗಳು, ಹೌದೇ?

ಇದು ಬಹಳ ಹರಡಿರುವ ತಿಳಿವಳಿಕೆ. ಇದಕ್ಕೆ ಆಧಾರ ಇಲ್ಲದೇ ಇಲ್ಲ. 1240ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಅರಬಿಯ ಚಿಂತನೆಯನ್ನು ಮುಂದಿನವರು 'ವಹ್ದತುಲ್ ವುಜೂದ್' ಎಂದರು. ನಿಜವಾಗಿ ಇರುವುದು ಒಂದೇ, ಕಾಣುವುದೆಲ್ಲ ಅದರ ಪ್ರಕಾಶ ಎಂಬ ನಿಲುವು ಅದು. ಕೇಳಿದ ಕೂಡಲೇ ಶಂಕರರ ನೆನಪಾಗುತ್ತದೆ. ಆದರೆ ನಮ್ಮ ಬಂದೇ ನವಾಜರೇ ಈ ನಿಲುವನ್ನು ಗಟ್ಟಿಯಾಗಿ ವಿರೋಧಿಸಿದವರು! ಅವರ ಪ್ರಕಾರ ದೇವರು ಇರವು ಎಂಬ ಕಲ್ಪನೆಯನ್ನೂ ಮೀರಿದವನು, ನೀನು ಮುಟ್ಟಿದೆನೆಂದುಕೊಂಡ ಆಚೆಗೂ ಆಚೆ ಇರುವವನು. ದೇವರನ್ನೂ ಜಗತ್ತನ್ನೂ ಒಂದೇ ಇರವಿನೊಳಗೆ ಸೇರಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕಲಬುರಗಿಯ ಸೂಫಿಯನ್ನು ಅದ್ವೈತಿ ಎನ್ನುವ ಮೊದಲು ಅವರೇ ಬೇಡ ಎಂದದ್ದನ್ನು ಕೇಳಿಸಿಕೊಳ್ಳೋಣ. ಪ್ರೇಮ, ವಿರಹ, ತನ್ನನ್ನು ತಾನು ಕಳೆದುಕೊಳ್ಳುವುದು, ಇವೆಲ್ಲ ಅವರಲ್ಲಿ ತುಂಬಿ ತುಳುಕುತ್ತವೆ. ಆದರೆ ಪ್ರೇಮಿ ಕೊನೆಯವರೆಗೂ ದಾಸನೇ, ಅವನು ಒಡೆಯನಾಗುವುದಿಲ್ಲ.

ಶರಣರು ಮೂರ್ತಿಪೂಜೆ ಬೇಡ ಎಂದರು. ಹಾಗಾದರೆ ಕೈಯಲ್ಲಿ ಹಿಡಿಯುವ ಇಷ್ಟಲಿಂಗ ಏನು?

ಇಷ್ಟಲಿಂಗ ಪೂಜೆಯನ್ನು ಹತ್ತಿರದಿಂದ ನೋಡಿದವರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೊರಳಿನ ಶಿವದಾರದಿಂದ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಕಣ್ಣು ಮೂಗಿಲ್ಲ, ಆಯುಧವಿಲ್ಲ, ಕೈಕಾಲಿಲ್ಲ, ಹೆಂಡಿರು ಮಕ್ಕಳಿಲ್ಲ. ಹೊಳೆಯುವ ಕಪ್ಪು ಹೊದಿಕೆಯ ಒಂದು ಚಿಕ್ಕ ಗುಂಡು. ಕೈಯನ್ನು ಕಣ್ಣಿನ ಎತ್ತರಕ್ಕೆ ತಂದು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕುಳಿತರೆ ಹೊರಗಿನ ಗದ್ದಲ ಇಳಿಯುತ್ತದೆ. ಪೂಜಾರಿ ಬೇಕಾಗಿಲ್ಲ, ಗುಡಿ ಬೇಕಾಗಿಲ್ಲ. ಗಂಡಸರಿಗೊಂದು ಹೆಂಗಸರಿಗೊಂದು ನಿಯಮವೂ ಇಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದು ಎಂಥ ದೊಡ್ಡ ಮಾತಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ನನ್ನ ಮೈ ಜುಂ ಎನ್ನುತ್ತದೆ. ಗುಡಿಯ ಹೊಸಿಲು ತುಳಿಯಲು ಬಿಡದವರ ಅಂಗೈಗೇ ದೇವರು ಬಂದು ಕುಳಿತ.

ಶರಣರ ದೃಷ್ಟಿಯಲ್ಲಿ ಇಷ್ಟಲಿಂಗ ಬೇರೆಲ್ಲೋ ಇರುವ ದೇವರ ಪ್ರತಿಮೆ ಆಗಿರಲಿಲ್ಲ. ಒಳಗಿನ ಚೈತನ್ಯವನ್ನೇ ಗುರು ಕುರುಹಾಗಿ ಕೈಗೆ ಕೊಡುತ್ತಾನೆ. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಒಳಕ್ಕೆ ಒಳಕ್ಕೆ ಹೋಗುವ ದಾರಿಯ ಮೊದಲ ಮೆಟ್ಟಿಲು ಅದು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ದಾಟುತ್ತ ಹೋದಂತೆ ಪೂಜಿಸುವವನು, ಪೂಜಿಸಿಕೊಳ್ಳುವವನು ಎಂಬ ಎರಡು ಉಳಿಯುವುದಿಲ್ಲ. ಈ ಒಂದಾಗುವಿಕೆ ಜಗತ್ತನ್ನು ಬಿಟ್ಟು ಓಡಿಹೋಗಿ ಸಿಗುವಂಥದ್ದೂ ಅಲ್ಲ. ಕಾಯಕ ಮಾಡಬೇಕು, ಗಳಿಸಿದ್ದನ್ನು ದಾಸೋಹಕ್ಕೆ ಕೊಡಬೇಕು. ಕಲಬುರಗಿಯ ಶರಣಬಸವೇಶ್ವರರನ್ನು ಜನ ಮಹಾದಾಸೋಹಿ ಎಂದೇ ಕರೆಯುವುದು ಈ ಕಾರಣಕ್ಕೆ. ಅಲ್ಲಿ ಅನ್ನ ಬಡಿಸುವುದೂ ತತ್ವದ ಭಾಗ.

ಶರಣರ ಬಯಲು, ಬೌದ್ಧರ ಶೂನ್ಯ, ಎರಡೂ ಒಂದೇ ಅಲ್ಲವೇ?

ಕಾಲೇಜು ಹುಡುಗರು ಕೇಳುವ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಎರಡರ ನಡುವೆ ನೆರೆಹೊರೆಯ ಹೋಲಿಕೆ ಇದೆ, ಅದನ್ನು ಅಲ್ಲಗಳೆಯಬಾರದು. ಅಲ್ಲಮಪ್ರಭು ಕುಳಿತ ಪೀಠದ ಹೆಸರೇ ಶೂನ್ಯಸಿಂಹಾಸನ. ಹೆಸರು, ರೂಪ, ಹಿಡಿತ ಎಲ್ಲವನ್ನೂ ಕಳಚಿಹಾಕುವ ಅಲ್ಲಮನ ಮಾತಿನ ಮುಂದೆ ಬೌದ್ಧ ಭಿಕ್ಷು ಕೂಡ ತಲೆದೂಗಬಹುದು.

ಆದರೂ ಇಬ್ಬರೂ ನಿಂತ ನೆಲ ಬೇರೆ. ಕ್ರಿಸ್ತಶಕ 2ನೇ ಶತಮಾನದ ಸುಮಾರಿಗೆ ಇದ್ದ ನಾಗಾರ್ಜುನ ಹೇಳುವ ಶೂನ್ಯತೆ ಒಂದು ವಸ್ತುವೂ ಅಲ್ಲ, ಜಗತ್ತಿನ ಬುಡದಲ್ಲಿರುವ ಮೂಲವೂ ಅಲ್ಲ. ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಎಲ್ಲವೂ ಬೇರೆ ಬೇರೆ ಕಾರಣಗಳನ್ನು ಅವಲಂಬಿಸಿ ಆಗುತ್ತದೆ, ಆದ್ದರಿಂದ ಯಾವುದಕ್ಕೂ ಸ್ವಂತದ ಸ್ವಭಾವ ಇಲ್ಲ ಎಂಬ ತಿಳಿವು ಅದು. ಆ ಶೂನ್ಯತೆಯೂ ಶೂನ್ಯವೇ, ಅದನ್ನು ಹಿಡಿದು ಪೂಜಿಸಿದರೆ ಕೆಟ್ಟಿರಿ ಎಂದು ಅವನೇ ಎಚ್ಚರಿಸುತ್ತಾನೆ. ಶರಣರ ಬಯಲಾದರೋ ತುಂಬಿದ ಬಯಲು. ಎಲ್ಲವೂ ಅಲ್ಲಿಂದ ಬಂದು ಅಲ್ಲಿಗೇ ಸೇರುತ್ತದೆ. ಅಲ್ಲಮ ಅದನ್ನು ಗುಹೇಶ್ವರ ಎಂದು ಕೂಗಿ ಕರೆಯುತ್ತಾನೆ, ಅಕ್ಕ ಚೆನ್ನಮಲ್ಲಿಕಾರ್ಜುನ ಎಂದು ಹಂಬಲಿಸುತ್ತಾಳೆ. ನಾಗಾರ್ಜುನ ತನ್ನ ಶೂನ್ಯತೆಯನ್ನು ಹೀಗೆ ಹೆಸರು ಹಿಡಿದು ಕೂಗುವುದನ್ನು ಊಹಿಸಲೂ ಆಗುವುದಿಲ್ಲ.

ದೇವರನ್ನು ಒಪ್ಪದೆ ಧರ್ಮ ಇರಲು ಸಾಧ್ಯವೇ?

ಸಾಧ್ಯ ಎಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನ ಗುರು ಜಿನಸೇನ 9ನೇ ಶತಮಾನದಲ್ಲಿ ಬರೆದ ಸಂಸ್ಕೃತ ಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಎಳೆಎಳೆಯಾಗಿ ಬಿಡಿಸಿಹಾಕುತ್ತಾನೆ. ದೇವರು ಜಗತ್ತನ್ನು ಮಾಡಿದ ಎನ್ನುವುದಾದರೆ ಮಾಡುವ ಮೊದಲು ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಎಲ್ಲದರಲ್ಲೂ ತೃಪ್ತನಾದವನಿಗೆ ಸೃಷ್ಟಿ ಮಾಡುವ ಆಸೆ ಯಾಕೆ ಹುಟ್ಟಿತು? ಇಂದು ಯಾರಾದರೂ ನಾಸ್ತಿಕವಾದ ಪಡುವಣದಿಂದ ಬಂದ ಸರಕು ಎಂದರೆ ನಾನು ಮಳಖೇಡದ ಕಡೆ ಕೈ ತೋರಿಸುತ್ತೇನೆ. ಆದರೆ ಜಿನಸೇನ ನಾಸ್ತಿಕನಲ್ಲ, ಕಠಿಣ ವ್ರತದ ಮುನಿ. ಜೈನರಿಗೆ ಜಗತ್ತು ಆದಿ ಅಂತ್ಯಗಳಿಲ್ಲದ್ದು, ಪ್ರತಿಯೊಂದು ಜೀವವೂ ತನ್ನಷ್ಟಕ್ಕೆ ನಿಜ. ಸೂಕ್ಷ್ಮ ದ್ರವ್ಯವಾದ ಕರ್ಮವನ್ನು ತಪಸ್ಸಿನಿಂದ, ಅಹಿಂಸೆಯಿಂದ ಕಳೆದುಕೊಂಡ ಜೀವ ಅನಂತ ಜ್ಞಾನ ಪಡೆದು ಲೋಕದ ತುದಿಗೇರಿ ಸಿದ್ಧನಾಗುತ್ತದೆ. ಬಸದಿಯಲ್ಲಿ ಕೈಮುಗಿಯುವುದು ವರ ಬೇಡಲು ಅಲ್ಲ. ತೀರ್ಥಂಕರ ಏನನ್ನೂ ಕೊಡುವುದಿಲ್ಲ, ದಾರಿ ತೋರಿಸಿ ಹೋಗಿದ್ದಾನೆ, ಅಷ್ಟೇ.

ಬುದ್ಧನ ದಾರಿ ಇದಕ್ಕಿಂತಲೂ ಬೇರೆ. ಅವನು ಸೃಷ್ಟಿಕರ್ತನನ್ನು ಒಪ್ಪಲಿಲ್ಲ, ಅಳಿಯದ ಆತ್ಮವನ್ನೂ ಒಪ್ಪಲಿಲ್ಲ. ಲೋಕಕ್ಕೆ ಕೊನೆ ಇದೆಯೇ, ಸತ್ತ ಮೇಲೆ ತಥಾಗತ (ಬುದ್ಧ) ಇರುತ್ತಾನೆಯೇ ಎಂದು ಕೇಳಿದರೆ ಸುಮ್ಮನಿದ್ದ. ಆ ಉತ್ತರಗಳಿಂದ ದುಃಖ ಕಡಿಮೆಯಾಗುವುದಿಲ್ಲ ಎಂಬುದು ಅವನ ನಿಲುವು. ಹಾಗಿದ್ದರೂ ಹುಟ್ಟದ, ಆಗದ, ಮಾಡಲ್ಪಡದ ಒಂದು ಇದೆ, ಅದು ಇಲ್ಲದಿದ್ದರೆ ಬಿಡುಗಡೆಯೇ ಇರುತ್ತಿರಲಿಲ್ಲ ಎಂದೂ ಪಾಲಿ ಗ್ರಂಥಗಳಲ್ಲಿ ಹೇಳಿದ್ದಾನೆ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪಕ್ಕೆ ಹೋದವರು ಅಲ್ಲಿನ ಸುಣ್ಣದ ಕಲ್ಲಿನ ಫಲಕಗಳನ್ನು ನಿಧಾನವಾಗಿ ನೋಡಬೇಕು. ರಾಣಿಯ ಜೊತೆ ನಿಂತ ದೊರೆಯ ಶಿಲ್ಪದ ಮೇಲೆ 'ರಾಯೋ ಅಸೋಕೋ' ಎಂದು ಕೆತ್ತಿದೆ, ಎಲ್ಲರೂ ಅದನ್ನೇ ಹುಡುಕುತ್ತಾರೆ. ನಾನು ತೋರಿಸುವುದು ಬೇರೆ ಫಲಕಗಳನ್ನು. ಬುದ್ಧ ಇರಬೇಕಾದಲ್ಲಿ ಬರಿದಾದ ಪೀಠ, ಪಾದದ ಗುರುತು, ಚಕ್ರ. ಬುದ್ಧನ ಮೂರ್ತಿಗಳೂ ಅದೇ ಜಾಗದಲ್ಲಿ ಸಿಕ್ಕಿವೆ. ಗುರುತು ಸಾಕೋ ರೂಪ ಬೇಕೋ ಎಂಬ ತೊಳಲಾಟ ಬೌದ್ಧರನ್ನೂ ಬಿಡಲಿಲ್ಲ ಎಂದು ನನಗೆ ಅನಿಸುತ್ತದೆ.

ಕಲಬುರಗಿ ನಗರದಲ್ಲಿ 2009ರಲ್ಲಿ ಉದ್ಘಾಟನೆಯಾದ ಬುದ್ಧವಿಹಾರಕ್ಕೆ ಬರುವ ಬಹಳ ಜನರಿಗೆ ಬುದ್ಧ ಸಿಕ್ಕಿದ್ದು ಅಂಬೇಡ್ಕರರಿಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಧಮ್ಮ ಸ್ವೀಕರಿಸಿ, ಅನುಯಾಯಿಗಳಿಗೆ 22 ಪ್ರತಿಜ್ಞೆಗಳನ್ನು ಕೊಟ್ಟರು. ಆ ಪ್ರತಿಜ್ಞೆಗಳಲ್ಲಿ ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ಒಪ್ಪುವುದಿಲ್ಲ ಎಂಬುದೂ ಸೇರಿದೆ. ವಿಹಾರದಲ್ಲಿ ನಿಂತು 'ಬುದ್ಧನೂ ನಮ್ಮ ಅವತಾರವೇ ಅಲ್ಲವೇ' ಎಂದು ಪ್ರೀತಿಯಿಂದಲೇ ಹೇಳುವವರು ಇದನ್ನು ತಿಳಿದಿರಬೇಕು. ಕೇಳಿಸಿಕೊಳ್ಳುವವರಿಗೆ ಆ ಮಾತು ನೋವಾಗುತ್ತದೆ.

ಹಿಂದೂ ಧರ್ಮದಲ್ಲಿ ದೇವರು ಒಬ್ಬನೇ, ಅನೇಕರೇ?

ಯಾವ ಹಿಂದೂವನ್ನು ಕೇಳುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಶಂಕರರ ಅದ್ವೈತದಲ್ಲಿ ಗುಣ, ಆಕಾರಗಳಿಲ್ಲದ ಬ್ರಹ್ಮವೊಂದೇ ಸತ್ಯ, ನಿನ್ನ ಒಳಗಿನ ಆತ್ಮವೂ ಅದೇ. ರಾಮಾನುಜರಿಗೆ ಜೀವ ಮತ್ತು ಜಗತ್ತು ಸುಳ್ಳಲ್ಲ, ಅವು ನಾರಾಯಣನ ಶರೀರ. ಮಧ್ವರು ಇನ್ನೂ ಖಡಾಖಂಡಿತ: ಜೀವ ಬೇರೆ, ದೇವರು ಬೇರೆ, ಜಡ ಬೇರೆ, ಒಂದು ಜೀವಕ್ಕೂ ಇನ್ನೊಂದಕ್ಕೂ ಭೇದ ಇದೆ, ಒಂದು ಜಡಕ್ಕೂ ಇನ್ನೊಂದಕ್ಕೂ ಇದೆ, ಮೋಕ್ಷದಲ್ಲೂ ಆ ಭೇದ ಅಳಿಯುವುದಿಲ್ಲ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ಮಳಖೇಡದ ಮಠದಲ್ಲಿ ಟೀಕಾಚಾರ್ಯರೆಂದು ಆರಾಧಿಸುತ್ತಾರೆ. ಸೃಷ್ಟಿಕರ್ತನೇ ಇಲ್ಲ ಎಂದ ಜಿನಸೇನನ ಅರಸನ ಊರಿನಲ್ಲಿ, ಎಲ್ಲವೂ ಹರಿಯ ಅಧೀನ ಎನ್ನುವ ಮಠ!

ಬೀದರಿನ ಗುರುದ್ವಾರದಲ್ಲಿ ಯಾರನ್ನು ಪೂಜಿಸುತ್ತಾರೆ?

ಯಾರ ಮೂರ್ತಿಯೂ ಅಲ್ಲಿಲ್ಲ. ಪಲ್ಲಕ್ಕಿಯಂಥ ಪೀಠದ ಮೇಲೆ ಇರುವುದು ಗುರು ಗ್ರಂಥ ಸಾಹಿಬ್. ಸಿಖ್ಖರು ಪುಸ್ತಕವನ್ನು ದೇವರೆನ್ನುವುದಿಲ್ಲ, ಜೀವಂತ ಗುರು ಎನ್ನುತ್ತಾರೆ. ದೇವರು ಒಬ್ಬನೇ, ನಿರ್ಭಯ, ಯಾರ ಮೇಲೂ ಹಗೆಯಿಲ್ಲದವನು, ಕಾಲವನ್ನು ಮೀರಿದವನು, ಹುಟ್ಟದವನು, ತನ್ನಿಂದ ತಾನೇ ಇರುವವನು ಎಂದು ಗ್ರಂಥದ ಮೊದಲ ಸಾಲುಗಳೇ ಸಾರುತ್ತವೆ. ಅವನು ನಿರ್ಗುಣನೂ ಹೌದು, ಸಗುಣನೂ ಹೌದು. ಆದರೆ ಮನುಷ್ಯನಾಗಿ ಅವತರಿಸುವುದಿಲ್ಲ.

ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಬೀದರಿಗೆ ಬಂದಾಗ ಜನ ಕುಡಿಯುವ ನೀರಿಗೆ ಪರದಾಡುತ್ತಿದ್ದರಂತೆ. ಅವರು ಕಲ್ಲು ಸರಿಸಿದಲ್ಲಿ ಸಿಹಿನೀರಿನ ಝರಿ ಉಕ್ಕಿತು ಎಂಬ ನಂಬಿಕೆಯಿಂದ ಆ ಜಾಗ ನಾನಕ ಝೀರಾ ಆಗಿದೆ. 1699ರಲ್ಲಿ ಗುರು ಗೋಬಿಂದ ಸಿಂಗರು ದೀಕ್ಷೆ ಪಡೆದ ಸಿಖ್ಖರ ಬಳಗವಾದ ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಇನ್ನೊಂದು ನಂಟು ಬಹಳ ಜನರಿಗೆ ಗೊತ್ತಿಲ್ಲ. ಗುರು ಗ್ರಂಥ ಸಾಹಿಬಿನಲ್ಲಿ ಕಬೀರ, ನಾಮದೇವ, ರವಿದಾಸರ ಜೊತೆಗೆ ಚಿಶ್ತಿ ಸೂಫಿ ಶೇಖ್ ಫರೀದರ ಪದ್ಯಗಳೂ ಇವೆ. ಫರೀದರ ಶಿಷ್ಯ ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯ ನಸೀರುದ್ದೀನ್ ಚಿರಾಗ್, ಅವರ ಶಿಷ್ಯ ಕಲಬುರಗಿಯ ಬಂದೇ ನವಾಜ್. ಹೀಗಿದ್ದೂ ಸಿಖ್ ಧರ್ಮ ಇಸ್ಲಾಮಿನ ಕವಲೂ ಅಲ್ಲ, ಹಿಂದೂ ಧರ್ಮದ ಕವಲೂ ಅಲ್ಲ. ಅದು ತನ್ನದೇ ಕಾಲ ಮೇಲೆ ನಿಂತಿದೆ.

ಕ್ರೈಸ್ತರಿಗೆ ಮೂವರು ದೇವರೇ?

ಅಲ್ಲ, ಒಬ್ಬನೇ. ತಂದೆ, ಮಗ, ಪವಿತ್ರಾತ್ಮ ಎಂಬುದು ಒಂದೇ ದೈವದ ಮೂರು ವ್ಯಕ್ತಿತ್ವ. 325ರ ನೈಸಿಯಾ ಸಭೆ ಮಗ ತಂದೆಯೊಡನೆ ಏಕಸತ್ವನೆಂದು ಸಾರಿತು, 381ರ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮದ ಮಾತನ್ನು ಗಟ್ಟಿ ಮಾಡಿತು. ದೇವರು ಪ್ರೀತಿಸ್ವರೂಪಿ ಎನ್ನುವಾಗ ಕ್ರೈಸ್ತರು ಹೇಳುವುದು ಇದನ್ನೇ: ಜಗತ್ತು ಹುಟ್ಟುವ ಮೊದಲೂ ದೇವರ ಒಳಗೆ ಪ್ರೀತಿಸುವ, ಪ್ರೀತಿ ಪಡೆಯುವ ಸಂಬಂಧ ಇತ್ತು. ಯೇಸುವನ್ನು ರಾಮ, ಕೃಷ್ಣರ ಸಾಲಿಗೆ ಸೇರಿಸಿ ಅವತಾರ ಎಂದರೆ ಅವರಿಗೆ ಅರ್ಧ ಸಮಾಧಾನ ಮಾತ್ರ. ಅವರ ನಂಬಿಕೆಯಲ್ಲಿ ದೇವರು ಒಮ್ಮೆ ಮಾತ್ರ ಮನುಷ್ಯನಾದ, ನಿಜವಾಗಿ ನೊಂದು ನಿಜವಾಗಿ ಸತ್ತ, ಮತ್ತೆ ಎದ್ದ. ಕುರಾನಿನ 112ನೇ ಅಧ್ಯಾಯಕ್ಕೂ ಇದಕ್ಕೂ ನೇರವಾದ ಭಿನ್ನಾಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಯಹೂದಿ, ಪಾರ್ಸಿ, ಚೀನೀ ಧರ್ಮಗಳು?

ನಮ್ಮ ಸೀಮೆಯಲ್ಲಿ ಇವರ ಬಳಕೆ ಕಡಿಮೆ, ಚಿಕ್ಕದಾಗಿ ಹೇಳುತ್ತೇನೆ. ಯಹೂದಿಗಳ ದೇವರು ಒಬ್ಬನೇ. ಅವನು ತನ್ನ ಜನರೊಡನೆ ಒಡಂಬಡಿಕೆ ಮಾಡಿಕೊಂಡವನು. ಅವನ ನಾಲ್ಕಕ್ಷರದ ಹೆಸರನ್ನು ಅವರು ಬಾಯಿಬಿಟ್ಟು ಉಚ್ಚರಿಸುವುದಿಲ್ಲ. ಪಾರ್ಸಿಗಳಿಗೆ ಅಹುರ ಮಜ್ದಾ ಒಳಿತಿನ ಒಡೆಯ, ಕೆಡುಕು ಅವನಿಂದ ಬಂದದ್ದಲ್ಲ, ಬೆಂಕಿ ಅವನ ಪವಿತ್ರ ಕುರುಹು. ತಾವೋ ಎಂಬುದು ಆಜ್ಞೆ ಮಾಡುವ ದೇವರಲ್ಲ, ಎಲ್ಲವೂ ತಾನಾಗಿ ನಡೆಯುವ ದಾರಿ.

ದೇವರು ಮಾತಿಗೆ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮೌನದಲ್ಲಾದರೂ ಎಲ್ಲರೂ ಒಂದಾಗುತ್ತಾರಲ್ಲವೇ?

ಇದು ಒಳ್ಳೆಯ ಮರುಪ್ರಶ್ನೆ. ಉಪನಿಷತ್ತಿನ 'ನೇತಿ ನೇತಿ' (ಇದಲ್ಲ, ಇದಲ್ಲ), ಯಹೂದಿ ಅನುಭಾವಿಗಳ 'ಐನ್ ಸೋಫ್' (ಕೊನೆಯಿಲ್ಲದ್ದು), ಬಂದೇ ನವಾಜರ 'ಆಚೆಗೂ ಆಚೆ', ಅಲ್ಲಮನ ಒಗಟಿನಂಥ ಬೆಡಗಿನ ವಚನ, ಎಲ್ಲವೂ ನಾಲಿಗೆ ಸೋತ ಜಾಗಗಳೇ. ಆದರೆ ಯಾರು ಯಾಕೆ ಸುಮ್ಮನಾದರು ಎಂದು ನೋಡಬೇಕು. ಬುದ್ಧ ಸುಮ್ಮನಾದದ್ದು ಪ್ರಶ್ನೆಯೇ ಉಪಯೋಗಕ್ಕೆ ಬಾರದ್ದೆಂದು. ಯಹೂದಿ ಸುಮ್ಮನಾದದ್ದು ಹೆಸರಿನ ಮೇಲಿನ ಭಯಭಕ್ತಿಯಿಂದ. ಅದ್ವೈತಿ ಸುಮ್ಮನಾದದ್ದು ಹೇಳುವವನೇ ಅದಾಗಿರುವುದರಿಂದ. ಮನೆಯಲ್ಲಿ ಇಬ್ಬರು ಮಾತಾಡದೆ ಕುಳಿತಿದ್ದರೆ ಇಬ್ಬರ ಮನಸ್ಸಿನಲ್ಲಿರುವುದೂ ಒಂದೇ ಎಂದು ಯಾರೂ ಹೇಳುವುದಿಲ್ಲ.

ಹಳ್ಳಿಯ ಜನ ಅಲಾಯಿ ದೇವರಿಗೂ ನಡೆದುಕೊಳ್ಳುತ್ತಾರೆ, ಮಲ್ಲಯ್ಯನಿಗೂ ನಡೆದುಕೊಳ್ಳುತ್ತಾರೆ. ಅವರಿಗೆ ಈ ಭೇದಗಳು ಲೆಕ್ಕಕ್ಕಿಲ್ಲವೇ?

ಮೊಹರಂ ಬಂದಾಗ ನಮ್ಮ ಹಳ್ಳಿಗಳನ್ನು ನೋಡಬೇಕು. ಮುಸ್ಲಿಂ ಮನೆಯೇ ಇಲ್ಲದ ಊರಿನಲ್ಲೂ ಅಲಾಯಿ ಕುಣಿ ತೋಡುತ್ತಾರೆ, ಪೆಟ್ಟಿಗೆಯಿಂದ ಹಸ್ತದ ಆಕಾರದ ಪಂಜಾ ಹೊರತೆಗೆದು ತೊಳೆದು, ಬಣ್ಣದ ಬಟ್ಟೆ ಸುತ್ತಿ ಕೂರಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗಿ ಕೊರಳಿಗೆ ಲಾಡಿ ಹಾಕಿಕೊಳ್ಳುತ್ತಾರೆ. ಚೊಂಗೆ ಮಾಡಿ, ಸಕ್ಕರೆ ಓದಿಸಿ ಹಂಚುತ್ತಾರೆ. ಕತ್ತಲ ರಾತ್ರಿಯಲ್ಲಿ ಹೆಜ್ಜೆ ಹಾಕುತ್ತ ಹಾಡುವ ಕನ್ನಡದ ರಿವಾಯತ್ ಪದಗಳಲ್ಲಿ 680ರ ಕರ್ಬಲಾ ಕಾಳಗ, ಬಾಯಾರಿದ ಮಕ್ಕಳು, ಪ್ರವಾದಿಯ ಮೊಮ್ಮಕ್ಕಳಾದ ಹಸೇನ ಹುಸೇನರು ಬರುತ್ತಾರೆ. ಅಳುತ್ತ ಕೇಳುವ ಮುದುಕಿ ಮನೆಗೆ ಹೋಗಿ ವಿಭೂತಿ ಹಚ್ಚಿಕೊಳ್ಳುತ್ತಾಳೆ. ಬೀದರಿನ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಸುಲ್ತಾನ ಅಹ್ಮದ್ ಷಾ ವಲಿಯನ್ನು ಮುಸ್ಲಿಮರು ವಲಿ (ಸಂತ) ಎನ್ನುತ್ತಾರೆ, ಅನೇಕ ಲಿಂಗಾಯತರು ಅಲ್ಲಮಪ್ರಭು ಎನ್ನುತ್ತಾರೆ. ಅಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೂ ಎರಡೂ ಕಡೆಯ ಭಕ್ತರು. ಮೈಲಾಪುರದ ಮಲ್ಲಯ್ಯನ ಭಂಡಾರ ಹಣೆಗೆ ಹಚ್ಚಿಕೊಳ್ಳಲು ಯಾರಿಗೂ ತತ್ವಶಾಸ್ತ್ರ ಬೇಕಾಗಿಲ್ಲ.

ಇವರು ಎಲ್ಲ ಒಂದೇ ಎಂದು ತೀರ್ಮಾನಿಸಿ ಹೋಗುತ್ತಾರೆಂದು ನನಗೆ ಅನಿಸುವುದಿಲ್ಲ. ಅಲಾಯಿಗೆ ಒಂದು ನೇಮ, ಮಲ್ಲಯ್ಯನಿಗೆ ಇನ್ನೊಂದು, ದ್ಯಾಮವ್ವನಿಗೆ ಮತ್ತೊಂದು ಎಂಬುದನ್ನು ಅವರಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ಬೇರೆ ಇಲ್ಲ. ಯಾವ ದೇವರಿಗೆ ಯಾವ ವಾರ, ಯಾವ ಎಡೆ ಎಂಬುದರಲ್ಲಿ ಅವರು ಒಂದು ಕೂದಲೆಳೆಯೂ ತಪ್ಪುವುದಿಲ್ಲ. ಬೇರೆ ಎಂದು ತಿಳಿದೇ ಬೇರೆಯ ಬಾಗಿಲಿಗೂ ಹೋಗುತ್ತಾರೆ. ಪುಸ್ತಕ ಓದಿದ ನಮಗಿಂತ ಅವರೇ ಅಶೋಕನ ಕಲ್ಲಿಗೆ ಹತ್ತಿರ ಇದ್ದಾರೆ.

ದೇವರು ಇದ್ದಾನೆ ಎಂದಾದರೆ ಕಷ್ಟ ಯಾಕೆ?

ಒಳ್ಳೆಯ ಮಳೆ ಬಂದು, ಹೂಬಿಟ್ಟ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿದ ವರ್ಷ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯುವುದಿಲ್ಲ. ಕರ್ಮ ನಂಬುವವರು ಹಿಂದಿನದನ್ನು ನೋಡು ಎನ್ನುತ್ತಾರೆ. ಮುಸ್ಲಿಮರು ಇದು ಪರೀಕ್ಷೆ, ತಾಳ್ಮೆಗೆ ಫಲ ಇದೆ, ಲೆಕ್ಕ ಒಪ್ಪಿಸುವ ದಿನ ಬರುತ್ತದೆ ಎನ್ನುತ್ತಾರೆ. ಸಿಖ್ಖರು ದೇವರ ಹುಕುಂ (ಆಜ್ಞೆ) ಎಂದು ತಲೆಬಾಗುತ್ತಾರೆ. ಕ್ರೈಸ್ತರು ಶಿಲುಬೆ ತೋರಿಸಿ, ದೇವರೂ ನಿನ್ನ ಜೊತೆ ನೊಂದಿದ್ದಾನೆ ಎನ್ನುತ್ತಾರೆ. ಬೌದ್ಧರು 'ಯಾಕೆ' ಬಿಡು, ದುಃಖ ಹುಟ್ಟುವ ಬಗೆ ನೋಡು ಎನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಕರ್ಮದ ಉತ್ತರವನ್ನು ನೊಂದವರ ಎದುರು ಇನ್ನೊಬ್ಬರು ಆಡಲೇಬಾರದು. ತನಗೆ ತಾನು ಹೇಳಿಕೊಂಡರೆ ಅದು ಸಮಾಧಾನ, ಬೇರೆಯವರು ಹೇಳಿದರೆ ಬರೆ.

ಬೇರೆ ಧರ್ಮದ ಜಾಗಕ್ಕೆ ಹೋದಾಗ ಕೈಮುಗಿಯಬಹುದೇ? ಪ್ರಸಾದ ತಿನ್ನಬಹುದೇ?

ಹೋಗಿ, ಧಾರಾಳವಾಗಿ ಹೋಗಿ. ಕೈಮುಗಿಯುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಮನಸ್ಸಿಲ್ಲದಿದ್ದರೆ ಗೌರವದಿಂದ ನಿಂತರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಶರಣಬಸವೇಶ್ವರರ ದಾಸೋಹದಲ್ಲೂ ನಾನಕ ಝೀರಾದ ಲಂಗರಿನಲ್ಲೂ ಜಾತಿ, ಧರ್ಮ ಕೇಳದೆ ಊಟಕ್ಕೆ ಕೂರಿಸುತ್ತಾರೆ. ಹಸಿದಷ್ಟು ಉಣ್ಣಿ, ತಟ್ಟೆಯಲ್ಲಿ ಬಿಡಬೇಡಿ. ಗುರುದ್ವಾರದಲ್ಲಿ ಗಂಡಸರೂ ಹೆಂಗಸರೂ ತಲೆಗೆ ಬಟ್ಟೆ ಕಟ್ಟಬೇಕು, ಕಡಾಹ್ ಪ್ರಸಾದವನ್ನು ಎರಡೂ ಕೈ ಜೋಡಿಸಿ ತೆಗೆದುಕೊಳ್ಳಬೇಕು. ದರ್ಗಾದ ಒಳಗೆ ಎಲ್ಲಿಯವರೆಗೆ ಹೋಗಬಹುದೆಂದು ಅಲ್ಲಿನವರನ್ನು ಮೊದಲೇ ಕೇಳಿ. ಬುದ್ಧವಿಹಾರದಲ್ಲಿ ಧ್ಯಾನಕ್ಕೆ ಕುಳಿತವರ ಮುಂದೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ಓಡಾಡಬೇಡಿ. ಕಥೋಲಿಕ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ಆ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಮೀಸಲು. ಅದು ಅವರಿಗೆ ಕ್ರಿಸ್ತನ ಶರೀರವೇ. ಆ ಹೊತ್ತಿಗೆ ಸಾಲಿನಲ್ಲಿ ಹೋಗದೆ ನಿಮ್ಮ ಜಾಗದಲ್ಲೇ ಕುಳಿತಿರಿ, ಪೂಜೆ ಮುಗಿದ ಮೇಲೆ ಪಾದ್ರಿಯವರ ಬಳಿ ಹೋಗಿ ನಿಮಗಿರುವ ಪ್ರಶ್ನೆಗಳನ್ನು ಕೇಳಿ.